ತೀರ್ಪುಗಾರರು ತೋಟಕ್ಕೆ ಬಂದಿದ್ದರೇ?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ಮಾರುಕಟ್ಟೆಗಳಲ್ಲಿ ವಹಿವಾಟಿನ ದಿನ ಬೆಳಗಾದರೆ ತೀರ್ಪುಗಳ ಸುಗ್ಗಿ. ಬೆಳೆಗಾರರು ತಂದ ಮಹಸೂಲು ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು, ಕೋಕಾ ಎಂದು ಬೇರೆಬೇರೆಯಾಗಿ, ಲಾಟಿನ ನಂಬರು ಹೊತ್ತು ಸಂಘದ ಅಂಗಳದಲ್ಲಿ ಕೂರುತ್ತದೆ. ಖರೀದಿದಾರ ಬಂದು ಅಡಿಕೆಯನ್ನು ಕೈಗೆ ತೆಗೆದುಕೊಳ್ಳುತ್ತಾನೆ, ಒಂದೆರಡನ್ನು ಒಡೆದು ಒಳಬಣ್ಣ ನೋಡುತ್ತಾನೆ, ಪಕ್ಕದವನಿಗೆ ಗೊತ್ತಾಗದಂತೆ ತನ್ನ ದರ ಹಾಕುತ್ತಾನೆ. ಟೆಂಡರಿನಲ್ಲಿ ಮೇಲೆ ಬಂದ ದರವೇ ಆ ಲಾಟಿನ ಬೆಲೆ. ಮನಸ್ಸಿಗೆ ಬರದಿದ್ದರೆ ಬೆಳೆಗಾರ ವಿಕ್ರಿ ಬೇಡವೆಂದು ಅಡಿಕೆಯನ್ನು ಉಳಿಸಿಕೊಳ್ಳಬಹುದು. ಇಲ್ಲಿ ಬೆಳೆಗಾರ ತನ್ನ ಅಡಿಕೆ ಎಷ್ಟು ಶ್ರೇಷ್ಠವೆಂದು ಪ್ರಬಂಧ ಬರೆದುಕೊಡಬೇಕಾಗಿಲ್ಲ. ತೀರ್ಪು ಕೊಡುವವನ ಕಣ್ಣೆದುರು ವಸ್ತುವೇ ಇರುತ್ತದೆ, ಅವನ ಅಂದಾಜು ತಪ್ಪಿದರೆ ಅವನದೇ ಗಂಟು ಕರಗುತ್ತದೆ. ಉದ್ಯಮಗಳಿಗೆ ಕೊಡುವ ಅಂತಾರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಹೆಚ್ಚಿನವು ಇದಕ್ಕೆ ತಿರುಗುಮುರುಗಾಗಿ ನಡೆಯುತ್ತವೆ. ವಸ್ತುವನ್ನು ಯಾರೂ ನೋಡುವುದಿಲ್ಲ, ಅದರ ಬಗ್ಗೆ ಬರೆದ ಕಾಗದವನ್ನು ನೋಡುತ್ತಾರೆ. ತೀರ್ಪು ತಪ್ಪಾದರೆ ತೀರ್ಪುಗಾರರ ಕೈಯಿಂದ ನಯಾಪೈಸೆಯೂ ಹೋಗುವುದಿಲ್ಲ. ಹಾಗೆಂದು ಪ್ರಶಸ್ತಿಗಳೆಲ್ಲ ಬೋಗಸ್ ಎನ್ನುವುದು ಈ ಲೇಖನದ ವಾದವಲ್ಲ. ಯಾವ ಪ್ರಶಸ್ತಿಗೆ ಎಷ್ಟು ಬೆಲೆ ಕೊಡಬೇಕೆಂದು ತಿಳಿಯಲು ಫಲಕದ ಹೊಳಪನ್ನೋ ಸಮಾರಂಭ ನಡೆದ ಊರನ್ನೋ ನೋಡಿ ಪ್ರಯೋಜನವಿಲ್ಲ. ತೀರ್ಪುಗಾರರ ಕಣ್ಣಿಗೆ ಬಿದ್ದದ್ದೇನು ಎಂಬುದನ್ನು ವಿಚಾರಿಸಬೇಕು.

ಈ ಲೋಕದಲ್ಲಿ ಹೆಸರು ಮಾಡಿರುವ ಸ್ಟೀವಿ ಪ್ರಶಸ್ತಿಗಳನ್ನು ನೋಡೋಣ. 2002ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಇವುಗಳ ಒಂದು ಕವಲಿಗೆ ‘ಇಂಟರ್‌ನ್ಯಾಷನಲ್ ಬಿಸಿನೆಸ್ ಅವಾರ್ಡ್ಸ್’ ಎಂದೇ ಹೆಸರು. ಯಾವ ದೇಶದ, ಯಾವ ಗಾತ್ರದ ಸಂಸ್ಥೆಯೂ ಅರ್ಜಿ ಹಾಕಬಹುದು. ವರ್ಷದ ಕಂಪನಿ, ಹೊಸ ಉತ್ಪನ್ನ, ಗ್ರಾಹಕ ಸೇವೆ, ಪ್ರಚಾರ ಹೀಗೆ ವಿಭಾಗಗಳು ಹೇರಳವಾಗಿವೆ. ಅರ್ಜಿದಾರರು ತಮ್ಮ ಸಾಧನೆಯನ್ನು ನಿಗದಿತ ಪದಮಿತಿಯಲ್ಲಿ ಬರೆದು, ಪೂರಕ ಕಾಗದಗಳನ್ನು ಜೋಡಿಸಿ, ಸಾಮಾನ್ಯವಾಗಿ ಪ್ರವೇಶ ಶುಲ್ಕ ಕಟ್ಟಿ ಕಳಿಸುತ್ತಾರೆ. ನಾನಾ ದೇಶಗಳ ಅಧಿಕಾರಿಗಳು, ಸಲಹೆಗಾರರು, ಪ್ರಾಧ್ಯಾಪಕರು ಸಂಬಳವಿಲ್ಲದೆ ತೀರ್ಪುಗಾರರಾಗಿ ತಮ್ಮ ತಮ್ಮ ಕಂಪ್ಯೂಟರಿನ ಮುಂದೆ ಕೂತು ಅವನ್ನು ಓದಿ ಅಂಕ ಕೊಡುತ್ತಾರೆ. ಅಂಕಗಳ ಸರಾಸರಿ ತೆಗೆದು ಚಿನ್ನ, ಬೆಳ್ಳಿ, ಕಂಚು ತೀರ್ಮಾನವಾಗುತ್ತದೆ. ಒಂದೇ ವಿಭಾಗದಲ್ಲಿ ಬೆಳ್ಳಿ, ಕಂಚು ಹಲವರಿಗೆ ಸಿಗುವುದುಂಟು. ಇದರಲ್ಲಿ ಮುಚ್ಚುಮರೆಯೇನೂ ಇಲ್ಲ, ಸಂಘಟಕರೇ ಇದನ್ನೆಲ್ಲ ಪ್ರಕಟಿಸುತ್ತಾರೆ. ತೀರ್ಪುಗಾರರು ಒಬ್ಬರಿಗೊಬ್ಬರು ಪ್ರಭಾವ ಬೀರದೆ ಬೇರೆಬೇರೆಯಾಗಿ ಅಂಕ ಹಾಕುವುದು ಒಳ್ಳೆಯ ಪದ್ಧತಿಯೇ. ಆದರೆ ಹಾಗೆ ಬಂದ ಸರಾಸರಿ ಏನನ್ನು ಅಳೆಯಿತು ಎಂದು ಕೇಳಿದರೆ, ಆ ಉದ್ಯಮದ ಬಗ್ಗೆ ಯಾರೋ ಬರೆದ ಇಂಗ್ಲಿಷ್ ಬರಹವನ್ನು ಎಂದೇ ಉತ್ತರಿಸಬೇಕಾಗುತ್ತದೆ. ಲೆಕ್ಕಪತ್ರ, ಠರಾವು, ವಾರ್ಷಿಕ ವರದಿ ಎಲ್ಲವನ್ನೂ ಕನ್ನಡದಲ್ಲಿ ಇಟ್ಟುಕೊಂಡಿರುವ ಘಟ್ಟದ ಮೇಲಿನ ಸಹಕಾರಿ ಸಂಘಕ್ಕೂ, ಪ್ರಶಸ್ತಿ ಅರ್ಜಿ ಬರೆಯಲೆಂದೇ ಸಂಬಳದ ಸಲಹೆಗಾರರನ್ನು ಇಟ್ಟುಕೊಂಡ ಮಹಾನಗರದ ಕಂಪನಿಗೂ ನಡುವಿನ ಸ್ಪರ್ಧೆ ಅಂಕಪಟ್ಟಿ ತೆರೆಯುವ ಮೊದಲೇ ಅರ್ಧ ಮುಗಿದಿರುತ್ತದೆ.

ಅಂಕಗಳನ್ನು ಸರಾಸರಿ ಮಾಡಿದರೆ ವ್ಯಕ್ತಿಗತ ತಪ್ಪುಗಳು ಪರಸ್ಪರ ಕಳೆದುಹೋಗುತ್ತವೆ ಎಂಬ ನಂಬಿಕೆಯಿದೆ. ಸ್ವಲ್ಪ ಮಟ್ಟಿಗೆ ನಿಜ. ಆದರೆ ವಸ್ತುವನ್ನೇ ನಾಲಿಗೆಯ ಮೇಲಿಟ್ಟು ತೀರ್ಪು ಕೊಡುವ ಕಡೆಯೂ ಎಷ್ಟು ಏರುಪೇರಾಗುತ್ತದೆಂದು ಅಮೆರಿಕದ ರಾಬರ್ಟ್ ಹಾಡ್ಜ್‌ಸನ್ 2008ರಲ್ಲಿ ತೋರಿಸಿಕೊಟ್ಟರು. ಕ್ಯಾಲಿಫೋರ್ನಿಯಾ ರಾಜ್ಯ ಮೇಳದ ವೈನ್ ಸ್ಪರ್ಧೆಯಲ್ಲಿ ಒಂದೇ ಬಾಟಲಿಯ ವೈನನ್ನು ತೀರ್ಪುಗಾರರಿಗೆ ಗೊತ್ತಾಗದಂತೆ ಮೂರು ಸಲ ಇಡಲಾಗಿತ್ತು. ಮೂರೂ ಸಲ ಹೆಚ್ಚುಕಡಿಮೆ ಒಂದೇ ಅಂಕ ಕೊಟ್ಟವರು ಹತ್ತರಲ್ಲಿ ಒಬ್ಬರಷ್ಟೇ. ಪಳಗಿದ ನಾಲಿಗೆಯ ಪಾಡೇ ಹೀಗಾದರೆ, ಕಾಗದ ಓದಿ ಕಂಪನಿಯ ‘ನಾಯಕತ್ವ’ಕ್ಕೆ ಅಂಕ ಹಾಕುವವರ ಪಾಡು ಹೇಗಿರಬೇಡ? ಅಲ್ಲಿ ಇನ್ನೊಂದು ದೋಷವೂ ಸೇರಿಕೊಳ್ಳುತ್ತದೆ. ಒಬ್ಬ ವ್ಯಕ್ತಿಯ ಒಂದು ಗುಣ ಕಣ್ಣು ಕುಕ್ಕಿದರೆ ಉಳಿದ ಗುಣಗಳಿಗೂ ನೋಡುವವರು ಧಾರಾಳವಾಗಿ ಅಂಕ ಕೊಡುತ್ತಾರೆ ಎಂದು ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ 1920ರಷ್ಟು ಹಿಂದೆಯೇ ಗುರುತಿಸಿದ್ದರು. ಉದ್ಯಮದಲ್ಲಿ ಆ ಕಣ್ಣು ಕುಕ್ಕುವ ಗುಣ ಲಾಭ ಅಥವಾ ಷೇರಿನ ಬೆಲೆ. ಲಾಭ ಏರುತ್ತಿರುವಾಗ ಆಡಳಿತ ಪಾರದರ್ಶಕವಾಗಿಯೂ ಮುಖ್ಯಸ್ಥ ದೂರದರ್ಶಿಯಾಗಿಯೂ ಕಾಣುತ್ತಾರೆ, ಅದೇ ಲಾಭ ಕುಸಿದ ಮರುವರ್ಷ ಅದೇ ಮುಖ್ಯಸ್ಥ ಹಟಮಾರಿಯಾಗಿ ಕಾಣುತ್ತಾನೆ.

ಈ ದೋಷ ಎಷ್ಟು ದುಬಾರಿಯಾಗಬಹುದು ಎಂಬುದಕ್ಕೆ ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ನಮ್ಮ ದೇಶದ ದೊಡ್ಡ ಸಾಕ್ಷಿ. 2007ರಲ್ಲಿ ಅದರ ಮುಖ್ಯಸ್ಥ ರಾಮಲಿಂಗ ರಾಜು ಅವರಿಗೆ ಅರ್ನ್ಸ್ಟ್ ಅಂಡ್ ಯಂಗ್ ವರ್ಷದ ಉದ್ಯಮಿ ಪ್ರಶಸ್ತಿ ಬಂತು. 2008ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ವರ್ಲ್ಡ್ ಕೌನ್ಸಿಲ್ ಫಾರ್ ಕಾರ್ಪೊರೇಟ್ ಗವರ್ನೆನ್ಸ್ ಕಂಪನಿಗೆ ಗೋಲ್ಡನ್ ಪೀಕಾಕ್ ಜಾಗತಿಕ ಪ್ರಶಸ್ತಿ ಕೊಟ್ಟಿತು. ಯಾವುದಕ್ಕೆ? ಉತ್ತಮ ಕಂಪನಿ ಆಡಳಿತಕ್ಕೆ! ನಾಲ್ಕು ತಿಂಗಳೂ ತುಂಬಿರಲಿಲ್ಲ. 2009ರ ಜನವರಿ 7ರಂದು ರಾಜು ತಾವೇ ಪತ್ರ ಬರೆದು, ಕಂಪನಿಯ ಲೆಕ್ಕದಲ್ಲಿ ತೋರಿಸಿರುವ ನಗದಿನಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರು. ಪ್ರಶಸ್ತಿಯನ್ನು ಹಿಂದಕ್ಕೆ ಪಡೆಯಲಾಯಿತು. ಅಮೆರಿಕದ ಎನ್ರಾನ್ ಕಂಪನಿಯನ್ನು ಫಾರ್ಚೂನ್ ಪತ್ರಿಕೆಯ ಸಮೀಕ್ಷೆ 1996ರಿಂದ ಸತತ ಆರು ವರ್ಷ ಅತ್ಯಂತ ನವೀನ ಕಂಪನಿಯೆಂದು ಆರಿಸಿತ್ತು; 2001ರ ಡಿಸೆಂಬರಿನಲ್ಲಿ ಅದು ದಿವಾಳಿ ಅರ್ಜಿ ಹಾಕಿತು. ನಮ್ಮ ಬೆಂಗಳೂರಿನ ಕಿಂಗ್‌ಫಿಷರ್ ವಿಮಾನಯಾನ ಸಂಸ್ಥೆಯ ಕಥೆ ಸ್ವಲ್ಪ ಬೇರೆ. ಬ್ರಿಟನ್ನಿನ ಸ್ಕೈಟ್ರಾಕ್ಸ್ ಅದಕ್ಕೆ ಐದು ನಕ್ಷತ್ರಗಳ ಮನ್ನಣೆ ಕೊಟ್ಟಿತ್ತು, ಮತ್ತು ಆ ತೀರ್ಪು ಸುಳ್ಳಾಗಿರಲಿಲ್ಲ. ಆಸನ, ಊಟ, ಸಿಬ್ಬಂದಿಯ ಉಪಚಾರ ಇವನ್ನೇ ಅಳೆಯಲು ಹೊರಟವರು ಅವನ್ನೇ ಅಳೆದರು. ಸಂಸ್ಥೆಯ ಸಾಲದ ಪುಸ್ತಕ ಆ ಪಟ್ಟಿಯಲ್ಲೇ ಇರಲಿಲ್ಲ. 2012ರ ಅಕ್ಟೋಬರಿನಲ್ಲಿ ವಿಮಾನಗಳು ನೆಲಕ್ಕಂಟಿದಾಗ, ಸಂಬಳ ಬಾಕಿಯಿದ್ದ ನೌಕರರಿಗೆ ಆ ಐದು ನಕ್ಷತ್ರಗಳಿಂದ ಏನೂ ಗಿಟ್ಟಲಿಲ್ಲ. ತೀರ್ಪುಗಾರರ ತಪ್ಪು ಇಲ್ಲಿ ಕಡಿಮೆ. ಊಟೋಪಚಾರಕ್ಕೆ ಬಿದ್ದ ಅಂಕವನ್ನು ಇಡೀ ಸಂಸ್ಥೆಯ ಆರೋಗ್ಯಕ್ಕೆ ಬಿದ್ದ ಅಂಕವೆಂದು ಓದಿಕೊಂಡವರದೇ ಹೆಚ್ಚು.

ಸತ್ಯಂ ಪ್ರಕರಣಕ್ಕೆ ಒಂದು ಆಕ್ಷೇಪ ಬಂದೇ ಬರುತ್ತದೆ. ಲೆಕ್ಕ ಪರಿಶೋಧಕರೇ ಹಿಡಿಯಲಾಗದ ಮೋಸವನ್ನು ಪ್ರಶಸ್ತಿಯ ತೀರ್ಪುಗಾರರು ಹಿಡಿಯಬೇಕಿತ್ತು ಎನ್ನುವುದು ಯಾವ ನ್ಯಾಯ? ನ್ಯಾಯವಾದ ಪ್ರಶ್ನೆಯೇ. ಬ್ಯಾಂಕಿನ ಕಾಗದವನ್ನೇ ನಕಲಿ ಮಾಡಿದವರ ಮುಂದೆ ಯಾರ ಕಣ್ಣಾದರೂ ಮೋಸಹೋದೀತು. ಆದರೆ ಹಿಡಿಯಲಾಗದ ವಿಷಯದ ಬಗ್ಗೆ ಪ್ರಮಾಣಪತ್ರ ಕೊಡುವುದೇಕೆ? ಆಡಳಿತದ ಶುದ್ಧತೆಯನ್ನು ಅರ್ಜಿ ಓದಿ ತಿಳಿಯಲು ಆಗುವುದಿಲ್ಲವೆಂದಾದರೆ, ಅರ್ಜಿ ಓದಿ ಆಡಳಿತದ ಶುದ್ಧತೆಗೆ ಪ್ರಶಸ್ತಿ ಕೊಡದಿರುವುದೇ ಪ್ರಾಮಾಣಿಕತೆ. ಇನ್ನು ಅರ್ನ್ಸ್ಟ್ ಅಂಡ್ ಯಂಗ್ ಪ್ರಶಸ್ತಿಯ ಮೆಟ್ಟಿಲನ್ನೇ ಹತ್ತಿ ನಮ್ಮವರಾದ ಎನ್.ಆರ್. ನಾರಾಯಣಮೂರ್ತಿ 2003ರಲ್ಲಿ, ಕಿರಣ್ ಮಜುಂದಾರ್ ಷಾ 2020ರಲ್ಲಿ ವಿಶ್ವದ ವರ್ಷದ ಉದ್ಯಮಿ ಎನಿಸಿಕೊಂಡರು. ಅವರ ಆಯ್ಕೆಯನ್ನು ಕಾಲ ಎತ್ತಿಹಿಡಿದಿದೆ. ಒಂದೇ ಮೆಟ್ಟಿಲು ಇವರನ್ನೂ ಹತ್ತಿಸಿತು, ರಾಜು ಅವರನ್ನೂ ಹತ್ತಿಸಿತು ಎಂದಮೇಲೆ ಮೂರ್ತಿ, ಷಾ ಅವರ ಘನತೆಗೆ ಆಧಾರ ಬೇರೆ ಕಡೆಯೇ ಇದೆ.

ಕಾಗದದಾಚೆಗೆ ಹೋಗಿ ನೋಡುವ ಪ್ರಶಸ್ತಿಗಳೂ ಇವೆ. ಜಪಾನಿನಲ್ಲಿ 1951ರಲ್ಲಿ ಶುರುವಾದ ಡೆಮಿಂಗ್ ಪ್ರಶಸ್ತಿಗೆ ಅರ್ಜಿ ಹಾಕಿದರೆ ಪರೀಕ್ಷಕರು ಕಾರ್ಖಾನೆಗೇ ಬರುತ್ತಾರೆ. ಮೇಲಧಿಕಾರಿಯಿಂದ ಹಿಡಿದು ಯಂತ್ರದ ಮುಂದೆ ನಿಂತ ಕೆಲಸಗಾರನವರೆಗೆ ಪ್ರಶ್ನೆ ಕೇಳುತ್ತಾರೆ. ಅದು ಒಬ್ಬರನ್ನು ಸೋಲಿಸಿ ಒಬ್ಬರು ಗೆಲ್ಲುವ ಸ್ಪರ್ಧೆಯಲ್ಲ. ಮಟ್ಟ ಮುಟ್ಟಿದವರೆಲ್ಲ ಪಾಸು, ಯಾರೂ ಮುಟ್ಟದಿದ್ದರೆ ಯಾರಿಗೂ ಇಲ್ಲ. ಭಾರತದಿಂದ ಮೊದಲಿಗೆ 1998ರಲ್ಲಿ ಸುಂದರಂ ಕ್ಲೇಟನ್, ಆಮೇಲೆ 2002ರಲ್ಲಿ ಹೊಸೂರು ಮತ್ತು ಮೈಸೂರಿನಲ್ಲಿ ಕಾರ್ಖಾನೆಗಳಿರುವ ಟಿವಿಎಸ್ ಮೋಟಾರ್ ಅದನ್ನು ಪಡೆದವು. ಅಮೆರಿಕದ ಸಂಸತ್ತು 1987ರಲ್ಲಿ ಕಾನೂನು ಮಾಡಿ ಸ್ಥಾಪಿಸಿದ ಮಾಲ್ಕಂ ಬಾಲ್ಡ್ರಿಜ್ ಪ್ರಶಸ್ತಿಯಲ್ಲಿ ದೀರ್ಘಕಾಲ ಒಟ್ಟು 1,000 ಅಂಕಗಳಲ್ಲಿ 450 ಅಂಕ ಫಲಿತಾಂಶಕ್ಕೇ ಮೀಸಲಾಗಿತ್ತು. ಆಗ ಅರ್ಜಿಯನ್ನು ಪರೀಕ್ಷಕರು ಮೊದಲು ಒಬ್ಬೊಬ್ಬರಾಗಿ ಓದಬೇಕಿತ್ತು, ಆಮೇಲೆ ಕೂತು ಭಿನ್ನಾಭಿಪ್ರಾಯ ಬಗೆಹರಿಸಿಕೊಳ್ಳಬೇಕಿತ್ತು, ಮುಂದೆ ಬಂದವರಲ್ಲಿಗೆ ಖುದ್ದಾಗಿ ಹೋಗಬೇಕಿತ್ತು. ಸೋತವರಿಗೂ ಎಲ್ಲಿ ಎಡವಿದಿರೆಂಬ ವಿವರವಾದ ವರದಿ ಸಿಗುತ್ತಿತ್ತು. ಅರ್ಜಿ ಶುಲ್ಕ ಇಲ್ಲೂ ಇತ್ತು, ಸಣ್ಣದೂ ಆಗಿರಲಿಲ್ಲ. ಆದರೆ ಕೊಟ್ಟ ದುಡ್ಡಿಗೆ ಬದಲಾಗಿ ಕೈಗೆ ಬರುತ್ತಿದ್ದುದು ಆ ವರದಿ.

ಈ ಎರಡು ಬಗೆಯ ಪ್ರಶಸ್ತಿಗಳ ನಂತರ ಏನಾಯಿತು ಎಂದು ನೋಡಿದ ಅಧ್ಯಯನಗಳು ಕುತೂಹಲಕಾರಿಯಾಗಿವೆ. ಕೆವಿನ್ ಹೆಂಡ್ರಿಕ್ಸ್ ಮತ್ತು ವಿನೋದ್ ಸಿಂಘಲ್ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗುಣಮಟ್ಟದ ಪ್ರಶಸ್ತಿ ಗೆದ್ದ ಕಂಪನಿಗಳ ವ್ಯವಹಾರದ ಆದಾಯ ಅಂಥವೇ ಬೇರೆ ಕಂಪನಿಗಳಿಗಿಂತ ಚೆನ್ನಾಗಿ ಬೆಳೆದಿತ್ತು. ಉಲ್ರೀಕೆ ಮಾಲ್ಮೆಂಡಿಯರ್ ಮತ್ತು ಜೆಫ್ರಿ ಟೇಟ್ 2009ರಲ್ಲಿ ಬೇರೆ ಗುಂಪನ್ನು ನೋಡಿದರು. ವಾಣಿಜ್ಯ ಪತ್ರಿಕೆಗಳು ‘ಶ್ರೇಷ್ಠ ಮುಖ್ಯಸ್ಥ’ ಎಂದು ಮೆರೆಸಿದವರು ಆ ಗುಂಪು. ಕಿರೀಟ ಬಂದಮೇಲೆ ಅವರ ಸಂಬಳ ಏರಿತು, ಪುಸ್ತಕ ಬರೆಯುವುದು, ಬೇರೆ ಕಂಪನಿಗಳ ಮಂಡಳಿಯಲ್ಲಿ ಕೂರುವುದು ಹೆಚ್ಚಾಯಿತು, ಅವರ ಕಂಪನಿಗಳ ಸಾಧನೆ ಮಾತ್ರ ಇಳಿಯಿತು. ಕೆಲಸದ ಕ್ರಮವನ್ನು ಪರೀಕ್ಷಿಸಿ ಕೊಟ್ಟ ಪ್ರಶಸ್ತಿಗೂ ಮುಖ ನೋಡಿ ಮಣೆ ಹಾಕಿದ ಪ್ರಶಸ್ತಿಗೂ ಫಲದಲ್ಲೇ ಇಷ್ಟು ಅಂತರ. ಎರಡೂ ಅಧ್ಯಯನಗಳ ವಿಧಾನ ಬೇರೆ, ಕಾಲ ಬೇರೆ, ನೇರವಾಗಿ ತಕ್ಕಡಿಗೆ ಹಾಕಲು ಬರುವುದಿಲ್ಲ ನಿಜ. ಆದರೂ ಎರಡೂ ಕೈ ತೋರಿಸುವ ದಿಕ್ಕು ಒಂದೇ.

ಸ್ಥಳಕ್ಕೆ ಹೋಗಿ ನೋಡುವುದು ದೊಡ್ಡ ಕಾರ್ಖಾನೆಗೆ ಸರಿ, ಹಳ್ಳಿಯ ಒಂದು ಸಣ್ಣ ಸಂಘಕ್ಕಾಗಿ ಯಾರು ವಿಮಾನ ಹತ್ತಿ ಬರುತ್ತಾರೆ ಎನ್ನುವವರಿಗೆ ಕರ್ನಾಟಕದಲ್ಲೇ ಉತ್ತರವಿದೆ. ಬ್ರಿಟನ್ನಿನ ಆಶ್ಡೆನ್ ಪ್ರಶಸ್ತಿಯವರು ಅರ್ಜಿಗಳನ್ನು ಸೋಸಿದ ಮೇಲೆ ಕೊನೆಯ ಸುತ್ತಿಗೆ ಬಂದವರ ಕೆಲಸವನ್ನು ಸ್ಥಳದಲ್ಲೇ ಪರಿಶೀಲಿಸುವ ಕ್ರಮ ಇಟ್ಟುಕೊಂಡಿದ್ದರು. ಹರೀಶ್ ಹಂದೆ ಅವರ ಸೆಲ್ಕೋ ಸೌರಶಕ್ತಿ ಸಂಸ್ಥೆಗೆ 2005ರಲ್ಲಿ, ಮತ್ತೆ 2007ರಲ್ಲಿ, ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಗೆ 2012ರಲ್ಲಿ ಅದು ಸಿಕ್ಕಿತು. ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಸೆಲ್ಕೋಗೆ ಸಿಕ್ಕ ಆ ಎರಡು ಮನ್ನಣೆಗಳ ನಂತರ. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ 2002ರಿಂದ ಕೊಡುತ್ತಿರುವ ಈಕ್ವೇಟರ್ ಪ್ರಶಸ್ತಿ ಇನ್ನೂ ಹತ್ತಿರದ್ದು. 2021ರಲ್ಲಿ ಜಗತ್ತಿನಾದ್ಯಂತ ಆಯ್ಕೆಯಾದ 10 ಸಂಸ್ಥೆಗಳಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರದ ಸ್ನೇಹಕುಂಜ ಟ್ರಸ್ಟ್ ಒಂದು. 2025ರಲ್ಲಿ ಧಾರವಾಡ ಜಿಲ್ಲೆ ಕುಂದಗೋಳ ತಾಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘಕ್ಕೆ, ಸಿರಿಧಾನ್ಯದ ಕೆಲಸಕ್ಕಾಗಿ, ಅದೇ ಗೌರವ ಬಂತು. ಗೆದ್ದವರಿಂದ ಇಲ್ಲಿ ದುಡ್ಡು ಕೇಳುವುದಿಲ್ಲ, ಅವರಿಗೇ 10,000 ಡಾಲರ್ ಕೊಡುತ್ತಾರೆ. ಹಣ ಯಾವ ದಿಕ್ಕಿಗೆ ಹರಿಯುತ್ತದೆಂದು ನೋಡುವುದು ಬಹಳ ಸಲ ಅಂಕಪದ್ಧತಿಯನ್ನೆಲ್ಲ ಓದುವುದಕ್ಕಿಂತ ಹೆಚ್ಚು ತಿಳಿಸುತ್ತದೆ.

ಹಾಗಾದರೆ ಶುಲ್ಕ ತೆಗೆದುಕೊಂಡವರೆಲ್ಲ ಕಳ್ಳರೇ? ಅಲ್ಲ. ಅರ್ಜಿ ನೋಡಲು ಖರ್ಚಾಗುತ್ತದೆ. ಸರ್ಕಾರದ ಅಥವಾ ದಾನಿಗಳ ಬೆಂಬಲವಿಲ್ಲದ ಸಂಘಟಕರು ಅದನ್ನು ಅರ್ಜಿದಾರರಿಂದ ಪಡೆಯುವುದರಲ್ಲಿ ತಪ್ಪಿಲ್ಲ. ಶುಲ್ಕ ಬೇಡವೆನ್ನುವ ಪ್ರಶಸ್ತಿಯ ಹಿಂದೆ ಪ್ರಾಯೋಜಕರ ಹಿತಾಸಕ್ತಿ ಇರಲಾರದೆಂದೂ ಹೇಳಲಾಗದು. ದುಡ್ಡನ್ನು ಯಾವಾಗ ಕೇಳುತ್ತಾರೆ ಎಂಬುದನ್ನು ಗಮನಿಸಬೇಕು. ತೀರ್ಪಿಗೆ ಮೊದಲು, ಗೆದ್ದವರಿಂದಲೂ ಸೋತವರಿಂದಲೂ ಒಂದೇ ಮೊತ್ತ ಪಡೆದರೆ ಅದು ಪರೀಕ್ಷಾ ಶುಲ್ಕ. ನೀವು ಅರ್ಜಿಯನ್ನೇ ಹಾಕದಿರುವಾಗ ‘ಆಯ್ಕೆಯಾಗಿದ್ದೀರಿ’ ಎಂಬ ಪತ್ರ ಬಂದು, ಫಲಕ, ಭೋಜನಕೂಟ, ಫೋಟೋ, ನಿಯತಕಾಲಿಕೆಯಲ್ಲಿ ಪುಟ ಎಂದು ಬೆಲೆಪಟ್ಟಿ ಹಿಂಬಾಲಿಸಿದರೆ ಅದು ಬರೀ ವ್ಯಾಪಾರ. ಮ್ಯಾಡ್ರಿಡ್‌ನ ಒಂದು ಸಂಸ್ಥೆ ಹಲವು ದೇಶಗಳವರಿಗೆ ಹೀಗೆಯೇ ‘ಗುಣಮಟ್ಟದ ಪ್ರಶಸ್ತಿ’ ಮಾರುತ್ತಿದ್ದುದನ್ನು ಯುರೋಪಿನ ತನಿಖಾ ಪತ್ರಕರ್ತರು 2014ರಲ್ಲಿ ಬಯಲಿಗೆ ತಂದರು. ಗೌರವ ಡಾಕ್ಟರೇಟುಗಳ ಭರಾಟೆಯನ್ನು ಕಂಡಿರುವ ಕನ್ನಡಿಗರಿಗೆ ಈ ಬಗೆಯ ವ್ಯಾಪಾರವನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.

ಇಷ್ಟು ಹೇಳಿದಾಗ ಅಡಿಕೆ ಟೆಂಡರನ್ನೇ ತೀರ್ಪಿನ ಆದರ್ಶವೆಂದು ಎತ್ತಿಹಿಡಿದಂತಾಯಿತಲ್ಲ ಎಂದು ಯಾರಾದರೂ ಕೇಳಬಹುದು. ಈ ವಾದಕ್ಕೆ ಎದುರಾಗುವ ಆಕ್ಷೇಪಗಳಲ್ಲಿ ಬಲವಾದದ್ದು ಇದೇ. ಖರೀದಿದಾರರು ಒಳಗೊಳಗೇ ಮಾತಾಡಿಕೊಂಡರೆ ಟೆಂಡರೂ ಕೆಡುತ್ತದೆ, ಅದು ಒಂದು ಮಾತು. ಅದಕ್ಕಿಂತ ಮುಖ್ಯವಾಗಿ, ಟೆಂಡರ್ ಅಳೆಯುವುದು ಅಡಿಕೆಯನ್ನು ಮಾತ್ರ. ಆ ಅಡಿಕೆ ಬೆಳೆದ ತೋಟಕ್ಕೆ ಸೊಪ್ಪು ಕೊಟ್ಟ ಬೆಟ್ಟ ಕಾಡಾಗಿಯೇ ಉಳಿದಿದೆಯೋ ಬೋಳಾಗಿದೆಯೋ ಎಂಬುದು ದರದಲ್ಲಿ ಕಾಣುವುದಿಲ್ಲ. ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟದ ಸವಲತ್ತು ಪಡೆದ ಸೀಮೆಗೆ ಇದು ಸಣ್ಣ ವಿಷಯವಲ್ಲ. ಕೊನೆ ಕೊಯ್ಯುವವನು ಮರದಿಂದ ಬಿದ್ದರೆ ಅವನ ಮನೆಗೆ ಆಧಾರವಿದೆಯೇ ಎಂಬುದೂ ದರದಲ್ಲಿಲ್ಲ. ಅಡಿಕೆ ಜಗಿಯುವುದನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದ ಕಹಿ ಸಂಗತಿಗೂ ಟೆಂಡರಿನ ಅಂಕಣದಲ್ಲಿ ಜಾಗವಿಲ್ಲ. ಮಾರುಕಟ್ಟೆ ಬೆಲೆ ಕಟ್ಟದ ಇಂಥ ಗುಣದೋಷಗಳನ್ನು ಗುರುತಿಸಲೆಂದೇ ಪ್ರಶಸ್ತಿಗಳು ಬೇಕು. ಸ್ನೇಹಕುಂಜದ ಕೆಲಸಕ್ಕೆ ಯಾವ ಯಾರ್ಡಿನಲ್ಲಿ ಟೆಂಡರ್ ಆಗುತ್ತಿತ್ತು? ಟೆಂಡರಿನಿಂದ ಪ್ರಶಸ್ತಿ ಕಲಿಯಬಹುದಾದದ್ದು ವಸ್ತುವನ್ನು ಮುಟ್ಟಿ ನೋಡುವ ಅಭ್ಯಾಸವನ್ನು, ಅದರ ಅಳತೆಗೋಲನ್ನಲ್ಲ.

ಮುಟ್ಟಿ ನೋಡುವುದರ ಜೊತೆಗೆ ತಕರಾರಿಗೂ ಜಾಗ ಇರಬೇಕು. ಇದಕ್ಕೆ ಮಾದರಿ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಬೆಳೆಯುವ ‘ಶಿರಸಿ ಸುಪಾರಿ’ಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಅದಕ್ಕೆ ಅರ್ಜಿ ಹಾಕಿದ್ದು 1923ರಲ್ಲಿ ಸ್ಥಾಪನೆಯಾದ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ. ನಮ್ಮ ಅಡಿಕೆ ಶ್ರೇಷ್ಠ ಎಂದು ಬರೆದರೆ ಅಲ್ಲಿ ನಡೆಯುವುದಿಲ್ಲ. ನಾಣ್ಯದಂತೆ ಚಪ್ಪಟೆಯಾದ ಆಕಾರ, ಸರಾಸರಿ 7.5 ಗ್ರಾಂ ಒಣತೂಕ, 16 ಮಿಲಿಮೀಟರ್ ದಪ್ಪ, ರುಚಿಗೆ ಕಾರಣವಾದ ರಾಸಾಯನಿಕ ಗುಣ, ಬೆಳೆಯುವ ಪ್ರದೇಶದ ಗಡಿ ಎಲ್ಲವನ್ನೂ ಮುಂದಿಡಬೇಕು. ತಜ್ಞರ ಸಮಿತಿ ಪರಿಶೀಲಿಸಿದ ಮೇಲೂ ತಕ್ಷಣ ಮಾನ್ಯತೆ ಕೊಡುವುದಿಲ್ಲ. ಚೆನ್ನೈಯಲ್ಲಿರುವ ನೋಂದಣಿ ಕಚೇರಿ ಅರ್ಜಿಯನ್ನು ತನ್ನ ಜರ್ನಲ್‌ನಲ್ಲಿ ಪ್ರಕಟಿಸಿ, ಯಾರಿಗಾದರೂ ತಕರಾರಿದ್ದರೆ ಸಲ್ಲಿಸಲು ಮೂರು ತಿಂಗಳ ಅವಕಾಶ ಕೊಡುತ್ತದೆ. ನೋಂದಣಿಯೂ ಶಾಶ್ವತವಲ್ಲ, 10 ವರ್ಷಕ್ಕೊಮ್ಮೆ ನವೀಕರಿಸಬೇಕು. ಇದು ಪ್ರಶಸ್ತಿಯಲ್ಲ, ಕಾನೂನಿನ ನೋಂದಣಿ ಎಂಬ ವ್ಯತ್ಯಾಸ ಇದ್ದೇ ಇದೆ. ಆದರೆ ಅಂತಿಮ ಸುತ್ತಿನ ಹೆಸರುಗಳನ್ನು ಮೊದಲೇ ಪ್ರಕಟಿಸಿ, ನೌಕರರು, ಸರಬರಾಜುದಾರರು, ನೆರೆಹೊರೆಯವರು ಏನಾದರೂ ಹೇಳುವುದಿದ್ದರೆ ಹೇಳಲಿ ಎಂದು ಕಾಯಲು ಉದ್ಯಮ ಪ್ರಶಸ್ತಿಗಳಿಗೆ ಅಡ್ಡಿಯೇನು? ವೇಗ ಕಡಿಮೆಯಾಗುತ್ತದೆ, ಸಮಾರಂಭದ ಕುತೂಹಲ ಹೋಗುತ್ತದೆ, ಹೊಟ್ಟೆಕಿಚ್ಚಿನ ದೂರುಗಳೂ ಬರುತ್ತವೆ ಎಂಬುದು ಸಂಘಟಕರ ಅಳುಕು. ಹೊಟ್ಟೆಕಿಚ್ಚಿನ ದೂರನ್ನು ನಿಜವಾದ ದೂರಿನಿಂದ ಬೇರ್ಪಡಿಸಲಾಗದ ತೀರ್ಪುಗಾರರು ಅರ್ಜಿಯ ಉತ್ಪ್ರೇಕ್ಷೆಯನ್ನು ಸತ್ಯದಿಂದ ಬೇರ್ಪಡಿಸುತ್ತಾರೆಂದು ನಂಬುವುದು ಹೇಗೆ? ಇನ್ನು ನವೀಕರಣದ ಮಾತಿಗೆ ಬಂದರೆ, ಬ್ರಿಟನ್ನಿನಲ್ಲಿ 1965ರಲ್ಲಿ ಸ್ಥಾಪನೆಯಾದ ರಾಣಿಯ, ಈಗ ರಾಜನ, ಉದ್ಯಮ ಪ್ರಶಸ್ತಿಯ ಲಾಂಛನವನ್ನು ಐದು ವರ್ಷ ಮಾತ್ರ ಬಳಸಬಹುದು. ಅವಧಿ ಮುಗಿದ ಮೇಲೆ ಮತ್ತೆ ಅರ್ಜಿ, ಮತ್ತೆ ಪರಿಶೀಲನೆ.

ಕೊನೆಯದಾಗಿ, ಸಣ್ಣ ಉದ್ಯಮಿಗಳ ಕಡೆಯಿಂದ ಬರುವ ಮಾತೊಂದಿದೆ. ಜೇನು, ಉಪ್ಪಿನಕಾಯಿ, ಹಪ್ಪಳ, ಕಾಳುಮೆಣಸು ಎಂದು ಮನೆಮಟ್ಟದಲ್ಲಿ ಶುರುಮಾಡಿ ಹೊರಗಿನ ಮಾರುಕಟ್ಟೆ ಹುಡುಕುತ್ತಿರುವವರಿಗೆ ಪ್ರಶಸ್ತಿಯ ಒಂದು ಸಾಲು ಬ್ಯಾಂಕಿನಲ್ಲೂ ಖರೀದಿದಾರರ ಬಳಿಯೂ ಬಾಗಿಲು ತೆಗೆಸುತ್ತದೆ. ಪದ್ಧತಿಯ ಶುದ್ಧಾಶುದ್ಧ ನೋಡುತ್ತ ಕೂರಲು ಅವರಿಗೆ ಪುರುಸೊತ್ತಿಲ್ಲ. ಇದನ್ನು ತಳ್ಳಿಹಾಕಲಾಗದು. ಅರ್ಜಿ ತುಂಬುವ ನೆವದಲ್ಲಾದರೂ ಲೆಕ್ಕಪತ್ರ ಒಂದು ಹದಕ್ಕೆ ಬರುವುದೂ ಲಾಭವೇ. ಆದರೆ ದೂರದ ದೇಶದ ಆಮದುದಾರ ಕೇಳುವುದು ಆಹಾರ ಸುರಕ್ಷತೆಯ ಪರೀಕ್ಷಾ ವರದಿಯನ್ನು, ಸಾವಯವ ಪ್ರಮಾಣಪತ್ರವನ್ನು, ಭೋಜನಕೂಟದ ಫೋಟೋವನ್ನಲ್ಲ. ಇರುವ ದುಡ್ಡು ಎರಡರಲ್ಲಿ ಒಂದಕ್ಕೆ ಸಾಲುವಷ್ಟೇ ಆದರೆ ಯಾವುದಕ್ಕೆ ಹಾಕಬೇಕೆಂಬುದರಲ್ಲಿ ಗೊಂದಲ ಬೇಡ. ಇಂಥವರಿಗೆ ನೆರವಾಗಬಲ್ಲವರು ನಮ್ಮ ಪತ್ರಿಕೆಗಳು. ಊರಿನ ಉದ್ಯಮಿಗೆ ಅಂತಾರಾಷ್ಟ್ರೀಯ ಪ್ರಶಸ್ತಿ ಎಂಬ ಸುದ್ದಿ ಫೋಟೋ ಸಮೇತ ಬಂದಾಗ, ಎಷ್ಟು ಅರ್ಜಿಗಳಿದ್ದವು, ಎಷ್ಟು ಮಂದಿಗೆ ಕೊಟ್ಟರು, ಶುಲ್ಕವೆಷ್ಟು, ನೋಡಲು ಯಾರಾದರೂ ಬಂದಿದ್ದರೇ ಎಂದು ವರದಿಗಾರ ಒಂದು ಫೋನು ಮಾಡಿ ಕೇಳಿ, ಸಿಕ್ಕ ಉತ್ತರವನ್ನು ಅದೇ ಸುದ್ದಿಯ ಕೆಳಗೆ ಎರಡು ಸಾಲಿನಲ್ಲಿ ಹಾಕಬಹುದು. ಅಭಿನಂದನೆಯ ಜಾಹೀರಾತು ಪಕ್ಕದ ಕಾಲಮ್ಮಿನಲ್ಲಿ ಬರಲಿ, ಯಾರೂ ಬೇಡವೆನ್ನುವುದಿಲ್ಲ.